ಗೊತ್ತಿದ್ದೂ ತಡ ಮಾಡಿದರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹವಾಮಾನ ಬದಲಾವಣೆ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಂದೇ ವಿಷಯ. ಕಲ್ಲಿದ್ದಲು, ತೈಲ, ಗ್ಯಾಸ್ ಕಂಪನಿಗಳು ಸರ್ಕಾರಗಳ ಕೈ ಹಿಡಿದು ನಡೆಸುತ್ತಿವೆಯಾ? ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ತೈಲ ಕಂಪನಿಗಳಿಗೆ ಎಲ್ಲಾ ಮೊದಲೇ ಗೊತ್ತಿತ್ತು ಅಂತ ಆಗಾಗ ಓದುತ್ತೇನೆ. ಇದು ನಿಜವಾ? ದೊಡ್ಡ ಕಂಪನಿ ಅಂದರೆ ಬೈಯೋದು ಸುಲಭ ಅಂತ ಸುಮ್ನೆ ಹೇಳ್ತಾರಾ?

ನಿಜ. ಸಾಕ್ಷಿ ಇರುವುದು ಕಂಪನಿಗಳದೇ ಕಾಗದಪತ್ರಗಳಲ್ಲಿ.

1959ರಲ್ಲಿ ಅಮೆರಿಕದ ತೈಲೋದ್ಯಮ ತನ್ನ ನೂರನೇ ವರ್ಷವನ್ನು ಆಚರಿಸಿಕೊಂಡಿತು. ಆ ಸಮಾರಂಭಕ್ಕೆ ಕರೆದಿದ್ದ ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಅಲ್ಲೇ ನಿಂತು, ನೀವು ಮಾರುವ ಇಂಧನ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡುತ್ತದೆ, ಹಿಮ ಕರಗುತ್ತದೆ, ಕರಾವಳಿಯ ನಗರಗಳು ಮುಳುಗಬಹುದು ಅಂತ ಹೇಳಿದರು. 1977ರಲ್ಲಿ ಎಕ್ಸಾನ್ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ತಮ್ಮ ಕಂಪನಿಯ ಮೇಲಿನ ಅಧಿಕಾರಿಗಳಿಗೇ ಇದನ್ನು ವಿವರಿಸಿದರು. ಎಕ್ಸಾನ್ ಆಗ ಅದನ್ನು ತಳ್ಳಿಹಾಕಲಿಲ್ಲ. ತನ್ನದೇ ಒಂದು ದೊಡ್ಡ ತೈಲ ಹಡಗಿಗೆ ಉಪಕರಣ ಕಟ್ಟಿ, ಸಮುದ್ರದ ನೀರಿನಲ್ಲಿ ಮತ್ತು ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಸಿತು. ಒಳ್ಳೆಯ ವಿಜ್ಞಾನವೇ ಅದು.

ನಾನು ಎಲ್ಲರಿಗೂ ನೋಡಿ ಅಂತ ಹೇಳುವ ಕಾಗದ 1982ರ ನವೆಂಬರ್‌ನದು. ಎಕ್ಸಾನ್ ಒಳಗೇ ಹಂಚಿದ ವರದಿ, ಹೊರಗೆ ಕೊಡಬಾರದು ಅಂತ ಅದರಲ್ಲೇ ಬರೆದಿದೆ. ಅದರಲ್ಲಿ ಒಂದು ಗ್ರಾಫ್ ಇದೆ. ಅಡ್ಡಗೆರೆಯಲ್ಲಿ ವರ್ಷಗಳು, 2100ರವರೆಗೆ. ಒಂದು ಗೆರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನದು, ಇನ್ನೊಂದು ತಾಪಮಾನ ಎಷ್ಟು ಏರುತ್ತದೆ ಅನ್ನುವುದರದು. 2020ರ ಹತ್ತಿರ ಬೆರಳಿಟ್ಟು ನೋಡಿದರೆ ಹೆಚ್ಚು ಕಡಿಮೆ 415 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 415), ಏರಿಕೆ ಒಂದು ಡಿಗ್ರಿಯ ಆಸುಪಾಸು. ಮೂವತ್ತೇಳು ವರ್ಷ ಆದ ಮೇಲೆ, 2019ರ ಮೇ ತಿಂಗಳಲ್ಲಿ, ಹವಾಯಿಯ ಮೌನಾ ಲೋವಾ ವೀಕ್ಷಣಾಲಯ ಅಳೆದಿದ್ದು ಸುಮಾರು 415 ಪಿಪಿಎಂ. 1982ರಲ್ಲಿ ಕುಳಿತು ಅವರು ನಮ್ಮ ಇವತ್ತನ್ನು ಗೆರೆ ಎಳೆದು ತೋರಿಸಿದ್ದರು.

ಒಂದು ಗ್ರಾಫ್ ಆಕಸ್ಮಿಕವಾಗಿ ಸರಿಹೋಗಿರಬಹುದು ಅನ್ನುವವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. 1977ರಿಂದ 2003ರ ನಡುವೆ ಎಕ್ಸಾನ್ ವಿಜ್ಞಾನಿಗಳು ಮಾಡಿದ ತಾಪಮಾನದ ಅಂದಾಜುಗಳನ್ನು ಸಂಶೋಧಕರು ಒಟ್ಟು ಮಾಡಿ ಆಮೇಲೆ ನಿಜವಾಗಿ ಆಗಿದ್ದರ ಜೊತೆ ಹೋಲಿಸಿದರು. ಅದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇ 63ರಿಂದ 83ರಷ್ಟು ಸರಿಯಾಗಿದ್ದವು. ನ್ಯಾಯವಾಗಿ ಇದನ್ನೂ ಹೇಳಬೇಕು: ಆ ವಿಜ್ಞಾನಿಗಳಲ್ಲಿ ಕೆಲವರು ತಮ್ಮ ಕೆಲಸವನ್ನು ವಿಜ್ಞಾನ ಪತ್ರಿಕೆಗಳಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದ್ದರು. ಮುಚ್ಚಿಡುವ, ತಿರುಚುವ ಕೆಲಸ ಶುರುವಾಗಿದ್ದು ಅವರ ತಲೆಯ ಮೇಲಿನ ಕುರ್ಚಿಗಳಲ್ಲಿ.

ಪ್ರಶ್ನೆ: ಗೊತ್ತಿದ್ದರೆ ಇಷ್ಟು ವರ್ಷ ಜಗತ್ತಿಗೇ ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕೆ ಹೇಗೆ ಸಾಧ್ಯ? ಯಾರೂ ಹಿಡಿಯಲಿಲ್ವಾ?

ನೇರ ಸುಳ್ಳಾಗಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದರು. ಅವರು ಜಾಸ್ತಿ ಹೇಳಿದ್ದು, 'ಇನ್ನೂ ಖಚಿತವಾಗಿಲ್ಲ, ಸ್ವಲ್ಪ ಕಾಯೋಣ' ಅಂತ. ಕೇಳುವವರಿಗೆ ಇದು ಜವಾಬ್ದಾರಿಯ ಮಾತಿನ ಹಾಗೆ ಕೇಳಿಸುತ್ತದೆ, ಅಲ್ವಾ? ಅದಕ್ಕೇ ಇದನ್ನು ಹಿಡಿಯುವುದು ಕಷ್ಟ. ಸಿಗರೇಟ್ ಕಂಪನಿಗಳು ಮೊದಲೇ ಈ ದಾರಿ ತೋರಿಸಿಕೊಟ್ಟಿದ್ದವು. 1969ರ ಒಂದು ಸಿಗರೇಟ್ ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ, ಅನುಮಾನವೇ ನಾವು ಮಾರುವ ಸರಕು ಅಂತ ಬರೆದಿದೆ.

1988ರ ಬೇಸಿಗೆಯಲ್ಲಿ ನಾಸಾ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಭೂಮಿ ಆಗಲೇ ಬಿಸಿಯಾಗುತ್ತಿದೆ ಅಂತ ಅಮೆರಿಕದ ಸೆನೆಟ್ ಮುಂದೆ ಸಾಕ್ಷಿ ಹೇಳಿದರು, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹುಟ್ಟಿತು. ಮರುವರ್ಷವೇ ತೈಲ, ಕಲ್ಲಿದ್ದಲು, ಕಾರು ಉದ್ಯಮದವರು ಸೇರಿ 'ಗ್ಲೋಬಲ್ ಕ್ಲೈಮೇಟ್ ಕೊಅಲಿಷನ್' ಅಂತ ಒಂದು ಕೂಟ ಕಟ್ಟಿದರು. ಹೆಸರು ಕೇಳಿದರೆ ಪರಿಸರ ಸಂಘಟನೆ ಅನ್ನಿಸಬೇಕು. ಮಾಡಿದ ಕೆಲಸ, ಹೊಗೆ ಕಡಿಮೆ ಮಾಡುವ ಯಾವುದೇ ಕಡ್ಡಾಯ ನಿಯಮ ಬರದಂತೆ ತಡೆಯುವುದು. 1995ರಲ್ಲಿ ಇದೇ ಕೂಟದ ತಾಂತ್ರಿಕ ಸಲಹೆಗಾರರು ತಮ್ಮ ಸದಸ್ಯರಿಗಾಗಿ ಒಂದು ಟಿಪ್ಪಣಿಯ ಕರಡು ಬರೆದರು. ಹಸಿರುಮನೆ ಪರಿಣಾಮಕ್ಕೆ ಗಟ್ಟಿ ವೈಜ್ಞಾನಿಕ ಆಧಾರ ಇದೆ, ಅಲ್ಲಗಳೆಯಲು ಆಗುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಹವಾಮಾನ ಬದಲಾವಣೆಯನ್ನು ಒಪ್ಪದವರ ವಾದಗಳನ್ನೂ ಅವರು ಒಂದೊಂದಾಗಿ ನೋಡಿ, ಇವು ನಂಬುವಂತಿಲ್ಲ ಅಂತ ಬರೆದಿದ್ದರು. ಕೊನೆಯ ಪ್ರತಿ ಹಂಚುವಾಗ ಆ ಭಾಗವನ್ನೇ ತೆಗೆದುಹಾಕಿದರು! ಈ ವಿಷಯ ಹೊರಬಿದ್ದಿದ್ದು 2009ರಲ್ಲಿ.

1997ರಲ್ಲಿ ಹೊಗೆ ಕಡಿಮೆ ಮಾಡುವ ಕ್ಯೋಟೋ ಒಪ್ಪಂದಕ್ಕೆ ಇನ್ನು ಎರಡೇ ತಿಂಗಳು ಇದ್ದಾಗ ಎಕ್ಸಾನ್ ಮುಖ್ಯಸ್ಥ ಲೀ ರೇಮಂಡ್ ಬೀಜಿಂಗ್‌ನಲ್ಲಿ ಭಾಷಣ ಮಾಡುತ್ತಾ, ಕ್ರಮ ಈಗ ತೆಗೆದುಕೊಂಡರೂ ಇಪ್ಪತ್ತು ವರ್ಷ ಬಿಟ್ಟು ತೆಗೆದುಕೊಂಡರೂ ಮುಂದಿನ ಶತಮಾನದ ಮಧ್ಯದ ತಾಪಮಾನದಲ್ಲಿ ದೊಡ್ಡ ವ್ಯತ್ಯಾಸ ಆಗುವ ಸಾಧ್ಯತೆ ತೀರಾ ಕಡಿಮೆ ಅಂದರು. ಅವರ ಕಂಪನಿಯ ಆ ಗ್ರಾಫ್‌ಗೆ ಆಗ ಹದಿನೈದು ವರ್ಷ ತುಂಬುತ್ತಾ ಬಂದಿತ್ತು. ನನಗೆ ತಡೆಯಲಾರದ ಸಿಟ್ಟು ಬರುವುದು ಇಲ್ಲೇ. ಆ ಇಪ್ಪತ್ತು ವರ್ಷ ನಮಗೆ ತುಂಬಾ ಬೇಕಾಗಿತ್ತು. ಆಗ ಶುರು ಮಾಡಿದ್ದರೆ ನಿಧಾನವಾಗಿ, ಯಾರ ಹೊಟ್ಟೆಯ ಮೇಲೂ ಹೊಡೆಯದೆ ಬದಲಾಗಬಹುದಿತ್ತು. ಈಗ ಅದೇ ಕೆಲಸವನ್ನು ಗಡಿಬಿಡಿಯಲ್ಲಿ ಮಾಡಬೇಕು.

ಸರ್ಕಾರದ ಒಳಗೂ ಅವರ ಜನ ಇದ್ದರು. ಫಿಲಿಪ್ ಕೂನಿ ಅನ್ನುವವರು ಅಮೆರಿಕದ ತೈಲೋದ್ಯಮ ಸಂಘಟನೆಯ ಲಾಬಿಗಾರರಾಗಿದ್ದರು, ಅಂದರೆ ಉದ್ಯಮದ ಪರವಾಗಿ ಸರ್ಕಾರದ ಮೇಲೆ ಪ್ರಭಾವ ಬೀರುವ ಕೆಲಸ. ಆಮೇಲೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಸರ ಮಂಡಳಿಯಲ್ಲಿ ದೊಡ್ಡ ಹುದ್ದೆಗೆ ಬಂದರು. ಅವರು ವಿಜ್ಞಾನಿಯಲ್ಲ, ವಕೀಲರು. ಸರ್ಕಾರಿ ವಿಜ್ಞಾನಿಗಳು ಬರೆದ ಹವಾಮಾನ ವರದಿಗಳ ಮೇಲೆ ಪೆನ್ನಿನಿಂದ ತಿದ್ದಿ, ಅನಿಶ್ಚಿತತೆ ಇದ್ದದ್ದಕ್ಕಿಂತ ಜಾಸ್ತಿ ಕಾಣುವ ಹಾಗೆ ಪದಗಳನ್ನು ಸೇರಿಸಿದರು. 2005ರಲ್ಲಿ ಪತ್ರಿಕೆಯಲ್ಲಿ ಇದು ಬಯಲಾದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಕೆಲಸಕ್ಕೆ ಸೇರಿದ್ದು ಎಕ್ಸಾನ್‌ಮೊಬಿಲ್‌ನಲ್ಲಿ.

ಪ್ರಶ್ನೆ: ಪೆಟ್ರೋಲ್ ಉರಿಸೋದು ನಾವು, ಕರೆಂಟ್ ಬಳಸೋದು ನಾವು. ಕಂಪನಿಗಳನ್ನು ದೂರಿದರೆ ನಮ್ಮ ತಪ್ಪು ಮುಚ್ಚಿಕೊಂಡ ಹಾಗಲ್ವಾ?

ನಿಮ್ಮ ಪ್ರಾಮಾಣಿಕತೆ ಇಷ್ಟವಾಯಿತು. ಆದರೆ ಎಲ್ಲರ ತಪ್ಪೂ ಒಂದೇ ತೂಕದ್ದಲ್ಲ. ನಿಮ್ಮ ಮುಂದೆ ಬೇರೆ ದಾರಿ ಇಲ್ಲದಿದ್ದಾಗ ಬಸ್ಸಿಗೋ ಬೈಕಿಗೋ ಇಂಧನ ಬೇಕೇ ಬೇಕು. ಆ ಬೇರೆ ದಾರಿ ಬರದಂತೆ ದಶಕಗಳ ಕಾಲ ಹಣ ಸುರಿದವರ ಜವಾಬ್ದಾರಿ ಬೇರೆ. ಇನ್ನೊಂದು ವಿಷಯ ಗೊತ್ತಿರಲಿ: ನಮ್ಮ ನಮ್ಮ ಕಾರ್ಬನ್ ಹೆಜ್ಜೆಗುರುತು, ಅಂದರೆ ನಮ್ಮ ಬದುಕಿನಿಂದ ಗಾಳಿಗೆ ಸೇರುವ ಇಂಗಾಲ, ಎಷ್ಟು ಅಂತ ಲೆಕ್ಕ ಹಾಕುವ ಅಭ್ಯಾಸವನ್ನು ಜನಪ್ರಿಯ ಮಾಡಿದ್ದೇ ತೈಲ ಕಂಪನಿ ಬಿಪಿ. 2000ದ ದಶಕದ ಮೊದಲ ಅರ್ಧದಲ್ಲಿ ದೊಡ್ಡ ಜಾಹೀರಾತು ಹಾಕಿ, ಜನರೇ ಕೂಡಿ ಕಳೆಯಲಿ ಅಂತ ವೆಬ್‌ಸೈಟಿನಲ್ಲಿ ಕ್ಯಾಲ್ಕುಲೇಟರ್ ಇಟ್ಟರು. ಲೈಟ್ ಆರಿಸಿ, ಬಸ್ಸಲ್ಲಿ ಹೋಗಿ, ಎಲ್ಲಾ ಒಳ್ಳೆಯದೇ. ಆದರೆ ಅಪರಾಧಿ ಭಾವ ಹೊತ್ತುಕೊಂಡು ಮನೆಯ ಸ್ವಿಚ್ ಮಾತ್ರ ನೋಡುತ್ತಾ ಕುಳಿತರೆ ಶಾಸನ ಬರೆಯುವ ಕೋಣೆಯ ಕಡೆ ಕಣ್ಣೇ ಹೋಗುವುದಿಲ್ಲ.

ಪ್ರಶ್ನೆ: ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಕಂಪನಿಯವರು ಬಂದರೆ ತಪ್ಪೇನು? ಅವರಿಲ್ಲದೆ ಇಂಧನ ಬದಲಾಯಿಸೋಕೆ ಆಗುತ್ತಾ?

ಮಾಹಿತಿ ಕೊಡಲು ಬರಲಿ, ಕೇಳಿದ್ದಕ್ಕೆ ಉತ್ತರ ಹೇಳಲಿ. ಆದರೆ ನಿಯಮ ಬರೆಯುವ ಮೇಜಿನ ಸುತ್ತ ಅವರೇ ತುಂಬಿದ್ದರೆ? 2023ರ ದುಬೈ ಸಮ್ಮೇಳನಕ್ಕೆ ಬಂದಿದ್ದ ಈ ಉದ್ಯಮದ ಲಾಬಿಗಾರರನ್ನು 'ಕಿಕ್ ಬಿಗ್ ಪೊಲ್ಯೂಟರ್ಸ್ ಔಟ್' ಅನ್ನುವ ಒಕ್ಕೂಟ ನೋಂದಣಿ ಪಟ್ಟಿ ನೋಡಿ ಎಣಿಸಿತು: 2,456 ಜನ. ಸಮುದ್ರ ಏರಿದರೆ ನಕ್ಷೆಯಿಂದಲೇ ಅಳಿಸಿಹೋಗುವ ಪುಟ್ಟ ದ್ವೀಪ ದೇಶಗಳು ಬೆರಳೆಣಿಕೆಯ ಜನರನ್ನು ಕಳಿಸಲೂ ಒದ್ದಾಡುತ್ತವೆ. ಆ ವರ್ಷ ಸಮ್ಮೇಳನದ ಅಧ್ಯಕ್ಷರಾಗಿದ್ದ ಸುಲ್ತಾನ್ ಅಲ್ ಜಾಬರ್ ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರೂ ಹೌದು. ಮುಂದಿನ ವರ್ಷ ಅಜರ್‌ಬೈಜಾನ್‌ನ ಬಾಕುವಿನಲ್ಲಿ 1,773 ಲಾಬಿಗಾರರು, 2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ 1,600ಕ್ಕೂ ಹೆಚ್ಚು.

ಇದರ ಫಲ ಏನು ಅಂತ ಕೇಳಿದರೆ ಒಪ್ಪಂದಗಳ ಪಠ್ಯ ತೆಗೆದು ಓದಿ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಕಲ್ಲಿದ್ದಲು, ತೈಲ, ಪಳೆಯುಳಿಕೆ ಇಂಧನ ಅನ್ನುವ ಪದಗಳು ಎಲ್ಲಿಯೂ ಇಲ್ಲ. ಕಾಯಿಲೆಯ ಬಗ್ಗೆ ಪುಟಗಟ್ಟಲೆ ಬರೆದು ಕಾರಣದ ಹೆಸರು ಬಿಟ್ಟ ಹಾಗೆ. ಪಳೆಯುಳಿಕೆ ಇಂಧನಗಳಿಂದ ದೂರ ಸಾಗಬೇಕು ಅಂತ ಸಮ್ಮೇಳನದ ತೀರ್ಮಾನದಲ್ಲಿ ಮೊದಲ ಸಲ ಬಂದಿದ್ದು 2023ರಲ್ಲಿ. ಸಮ್ಮೇಳನಗಳು ಶುರುವಾಗಿದ್ದು 1995ರಲ್ಲಿ! ಬೆಲೆಮ್‌ನಲ್ಲಿ 80ಕ್ಕೂ ಹೆಚ್ಚು ದೇಶಗಳು ಅದಕ್ಕೊಂದು ಮಾರ್ಗಸೂಚಿ ಬೇಕು ಅಂತ ಹಟ ಹಿಡಿದರೂ ಕೊನೆಯ ಪಠ್ಯದಲ್ಲಿ ಅದು ಇರಲಿಲ್ಲ. ಇಲ್ಲಿ ಮತ ಹಾಕುವ ಪದ್ಧತಿ ಇಲ್ಲ, ಎಲ್ಲರೂ ಒಪ್ಪಬೇಕು. ಹಾಗಾಗಿ ತೈಲ ಮಾರಿ ಬದುಕುವ ಕೆಲವೇ ದೇಶಗಳು ಅಡ್ಡ ನಿಂತರೂ ಸಾಕು.

ಹೊರಗಿಡುವುದು ಅಸಾಧ್ಯ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 5.3ನೇ ವಿಧಿ ಓದಿ. ತಂಬಾಕು ನೀತಿ ಮಾಡುವಾಗ ತಂಬಾಕು ಉದ್ಯಮದ ಹಿತಾಸಕ್ತಿ ಒಳಗೆ ಬರದಂತೆ ಸರ್ಕಾರಗಳು ಕಾಯಬೇಕು ಅಂತ ಅದರಲ್ಲಿದೆ. ಹವಾಮಾನಕ್ಕೂ ಅಂಥದ್ದೇ ಒಂದು ವಿಧಿ ಬೇಕು. ಈಗ ಆಗಿರುವುದು ಒಂದು ಸಣ್ಣ ಹೆಜ್ಜೆ: 2023ರಿಂದ ಸಮ್ಮೇಳನಕ್ಕೆ ಬರುವವರು ತಾವು ಯಾರ ಕಡೆಯವರು ಅಂತ ನೋಂದಣಿಯಲ್ಲಿ ತಿಳಿಸಬೇಕು. ಅದಿದ್ದಕ್ಕೇ ಎಣಿಸಲು ಸುಲಭವಾಗಿದ್ದು.

ಪ್ರಶ್ನೆ: ಬರೀ ಖಾಸಗಿ ಕಂಪನಿಗಳನ್ನೇ ಬೈಯುತ್ತೀರಿ. ಸರ್ಕಾರಿ ಕಂಪನಿಗಳು?

ಒಳ್ಳೆಯ ಏಟು. ಸೌದಿ ಅರಾಮ್ಕೊ, ಗಾಜ್‌ಪ್ರೊಮ್, ಕೋಲ್ ಇಂಡಿಯಾ, ಚೀನಾದ ಕಲ್ಲಿದ್ದಲು ಸಂಸ್ಥೆಗಳು, ಎಲ್ಲವೂ ದೊಡ್ಡ ಪಾಲುದಾರರೇ. ಅಲ್ಲಿ ಮಾಲೀಕನೂ ಸರ್ಕಾರ, ನಿಯಮ ಮಾಡುವವನೂ ಸರ್ಕಾರ. ಲಾಬಿ ಮಾಡಲು ಬಾಗಿಲು ತಟ್ಟುವ ಅಗತ್ಯವೇ ಇಲ್ಲ.

ಪ್ರಶ್ನೆ: ಸೋಲಾರ್ ಈಗ ಅಗ್ಗ. ಮಾರುಕಟ್ಟೆ ತಾನಾಗೇ ಎಲ್ಲಾ ಸರಿ ಮಾಡುತ್ತೆ ಬಿಡಿ, ಯಾಕೆ ಇಷ್ಟು ಗಲಾಟೆ?

ಸೋಲಾರ್ ಅಗ್ಗವಾಗಿದ್ದು ದೊಡ್ಡ ಸಂತೋಷ, ನಾನೂ ಒಪ್ಪುತ್ತೇನೆ. ಆದರೆ ಓಟದ ಮೈದಾನ ಸಮ ಇಲ್ಲ. ಐಎಂಎಫ್ ಲೆಕ್ಕದಲ್ಲಿ 2022ರಲ್ಲಿ ಪಳೆಯುಳಿಕೆ ಇಂಧನಗಳಿಗೆ ಸರ್ಕಾರಗಳು ನೇರವಾಗಿ ಕೊಟ್ಟ ಸಬ್ಸಿಡಿಯೇ ಸುಮಾರು 1.3 ಲಕ್ಷ ಕೋಟಿ ಡಾಲರ್. ಹೊಗೆಯಿಂದ ಆಗುವ ಆರೋಗ್ಯದ ನಷ್ಟ, ಹವಾಮಾನದ ನಷ್ಟ ಎಲ್ಲಾ ಸೇರಿಸಿದರೆ 7 ಲಕ್ಷ ಕೋಟಿ. ಆ ವರ್ಷ ಬೆಲೆ ಏರಿದ್ದರಿಂದ ಜನರಿಗೆ ಕೊಟ್ಟ ರಿಯಾಯಿತಿಯೂ ಇದರಲ್ಲಿ ಇದೆ. ಅದನ್ನು ಒಂದೇ ಸಲ ಕಿತ್ತುಕೊಂಡರೆ ಬಡವರಿಗೆ ಪೆಟ್ಟು, ಅದಕ್ಕೇ ಇದು ಸುಲಭದ ಕೆಲಸವಲ್ಲ.

ಜೊತೆಗೆ ಹೂಡಿಕೆ ಒಪ್ಪಂದಗಳ ಕಾಟ. ಇಟಲಿ ತನ್ನ ಕರಾವಳಿಯ ಹತ್ತಿರ ತೈಲ ತೆಗೆಯುವುದನ್ನು ನಿಷೇಧಿಸಿತು. ರಾಕ್‌ಹಾಪರ್ ಅನ್ನುವ ಬ್ರಿಟಿಷ್ ಕಂಪನಿ 'ಎನರ್ಜಿ ಚಾರ್ಟರ್ ಟ್ರೀಟಿ' (ಹೂಡಿಕೆಗೆ ನಷ್ಟ ಆದರೆ ವಿದೇಶಿ ಇಂಧನ ಕಂಪನಿ ಸರ್ಕಾರದ ಮೇಲೇ ಕೇಸ್ ಹಾಕಬಹುದು ಅನ್ನುವ ಒಪ್ಪಂದ) ಅಡಿಯಲ್ಲಿ ಕೇಸ್ ಹಾಕಿ, 2022ರಲ್ಲಿ 19 ಕೋಟಿ ಯೂರೋ ಪರಿಹಾರದ ತೀರ್ಪು ಪಡೆಯಿತು. 2025ರಲ್ಲಿ ಆ ತೀರ್ಪು ರದ್ದಾಯಿತು. ಆದರೆ ಇಂಥ ಒಂದು ಕೇಸ್ ನೋಡಿದರೆ ಸಾಕು, ಬೇರೆ ಸರ್ಕಾರಗಳು ನಿಷೇಧ ಹಾಕುವ ಮೊದಲು ಹತ್ತು ಸಲ ಯೋಚಿಸುತ್ತವೆ. ಐರೋಪ್ಯ ಒಕ್ಕೂಟ ಆ ಒಪ್ಪಂದದಿಂದಲೇ ಹೊರಬಂದಿದೆ.

ಪ್ರಶ್ನೆ: ಕೋರ್ಟಿಗೆ ಹೋದರೆ ಏನಾದರೂ ಆಗುತ್ತಾ?

ಆಗುತ್ತದೆ, ಆದರೆ ನೇರ ಗೆರೆಯಲ್ಲಲ್ಲ. 2021ರಲ್ಲಿ ಹೇಗ್‌ನ ನ್ಯಾಯಾಲಯ ಶೆಲ್ ಕಂಪನಿಗೆ 2030ರೊಳಗೆ ಹೊರಸೂಸುವಿಕೆಯನ್ನು ಶೇ 45ರಷ್ಟು ಇಳಿಸಿ ಅಂತ ಆದೇಶಿಸಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸಂಖ್ಯೆಯನ್ನು ತೆಗೆದುಹಾಕಿತು, ಆದರೆ ಹೊರಸೂಸುವಿಕೆ ಇಳಿಸುವ ಹೊಣೆ ಕಂಪನಿಗೆ ಇದೆ ಅನ್ನುವುದನ್ನು ಉಳಿಸಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಸರ್ಕಾರಗಳ ಬಗ್ಗೆ ಇನ್ನೂ ದೊಡ್ಡ ಮಾತು ಹೇಳಿತು: ಹೊಸ ಗಣಿ, ಬಾವಿಗಳಿಗೆ ಲೈಸೆನ್ಸ್ ಕೊಡುವುದು, ಸಬ್ಸಿಡಿ ಕೊಡುವುದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಆಗಬಹುದು. ಇದು ಸಲಹೆ ಮಾತ್ರ, ಆದೇಶವಲ್ಲ. ಆದರೂ ಮುಂದಿನ ಎಲ್ಲಾ ಕೇಸುಗಳಲ್ಲಿ ವಕೀಲರು ಇದನ್ನು ಎತ್ತಿ ಓದುತ್ತಾರೆ. ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಎಳೆದು ತಂದಿದ್ದು ವನುವಾಟು ಅನ್ನುವ ಪುಟ್ಟ ದ್ವೀಪ ದೇಶ. ಮೊದಲು ಇದನ್ನು ಹೊಳೆಸಿದವರು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು.

ಪ್ರಶ್ನೆ: ನಾನು ರಿಫೈನರಿಯಲ್ಲಿ ಕೆಲಸ ಮಾಡುವವನು. ಇಂಥದ್ದೆಲ್ಲಾ ಓದಿದಾಗ ನಾವೇ ಕಳ್ಳರು ಅನ್ನಿಸಿ ಬೇಜಾರಾಗುತ್ತೆ. ನಾಳೆ ಮುಚ್ಚಿದರೆ ನಮ್ಮ ಮನೆ ನಡೆಸೋದು ಯಾರು?

ನಿಮ್ಮ ಮೇಲೆ ನನಗೆ ಯಾವ ದೂರೂ ಇಲ್ಲ. ಶಿಫ್ಟಿನಲ್ಲಿ ಬೆವರು ಸುರಿಸುವವರು ಯಾರೂ 1998ರಲ್ಲಿ ಕುಳಿತು, ಸಾಮಾನ್ಯ ಜನರಿಗೆ ಹವಾಮಾನ ವಿಜ್ಞಾನದ ಮೇಲೆ ಅನುಮಾನ ಬಂದರೆ ನಾವು ಗೆದ್ದ ಹಾಗೆ ಅಂತ ಯೋಜನೆ ಬರೆಯಲಿಲ್ಲ. ಅಂಥ ಯೋಜನೆಯ ಕರಡು ಅಮೆರಿಕದ ತೈಲೋದ್ಯಮ ಸಂಘಟನೆಯ ಕಚೇರಿಯಲ್ಲಿ ತಯಾರಾಗಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ಸ್ಪೇನ್ ಏನು ಮಾಡಿತು ನೋಡಿ. 2018ರಲ್ಲಿ ಅಲ್ಲಿನ ಸರ್ಕಾರ ಹೆಚ್ಚಿನ ಕಲ್ಲಿದ್ದಲು ಗಣಿಗಳನ್ನು ಮುಚ್ಚುವ ಮೊದಲು ಕಾರ್ಮಿಕ ಸಂಘಗಳ ಜೊತೆ ಕುಳಿತು ಒಪ್ಪಂದ ಮಾಡಿಕೊಂಡಿತು. 48 ದಾಟಿದವರಿಗೆ ಮುಂಚಿತ ನಿವೃತ್ತಿ, ಉಳಿದವರಿಗೆ ಹೊಸ ಕೆಲಸದ ತರಬೇತಿ, ಗಣಿ ಪ್ರದೇಶದ ಪರಿಸರ ಸರಿಪಡಿಸುವ ಕೆಲಸದಲ್ಲಿ ಅವರಿಗೇ ಅವಕಾಶ, ಹೂಡಿಕೆ ಒಟ್ಟು 25 ಕೋಟಿ ಯೂರೋ. ಜರ್ಮನಿ 2020ರಲ್ಲಿ ಕಲ್ಲಿದ್ದಲು ಪ್ರದೇಶಗಳಿಗೆ 4,000 ಕೋಟಿ ಯೂರೋವರೆಗೆ ಕಾನೂನಿನಲ್ಲೇ ಬರೆದಿಟ್ಟಿತು. ನಿಮ್ಮ ಸಂಘದವರು ಆಡಳಿತದ ಜೊತೆ ಮುಂದಿನ ಸಲ ಮಾತಿಗೆ ಕುಳಿತಾಗ, ಸಂಬಳ ಬೋನಸ್ ಜೊತೆಗೆ ಇದನ್ನೂ ಕೇಳಿ: ಘಟಕ ಇನ್ನು ಎಷ್ಟು ವರ್ಷ ನಡೆಯುತ್ತದೆ ಅನ್ನುವ ಲೆಕ್ಕ ನಿಮ್ಮ ಹತ್ತಿರ ಇದೆಯಾ, ಇದ್ದರೆ ನಮಗೆ ಯಾವಾಗ ತೋರಿಸುತ್ತೀರಿ?