ಬ್ಯಾನರ್‌ಲಾರ್ಡ್ ಆಟದಲ್ಲಿ ಅಲೆಮಾರಿ ಖುಜೈತರ ಪಡೆಯನ್ನು ನಡೆಸುವುದು ಹೇಗೆ?

‘ಮೌಂಟ್ ಅಂಡ್ ಬ್ಲೇಡ್ 2: ಬ್ಯಾನರ್‌ಲಾರ್ಡ್’ ಎಂಬ ಕಂಪ್ಯೂಟರ್ ಆಟದಲ್ಲಿ ಹುಲ್ಲುಗಾವಲಿನ ಕುದುರೆ ಸವಾರರಾದ ಖುಜೈತರ ಬಣವನ್ನು ಆರಿಸಿಕೊಂಡಿದ್ದೀರಿ. ಬಯಲಿನ ಕಾದಾಟದಲ್ಲಿ ಸವಾರರು ಬೇಗ ಸಾಯುತ್ತಾರೆ, ಕೋಟೆಯ ಮುತ್ತಿಗೆಯಲ್ಲಂತೂ ಸೋಲೇ ಗತಿಯಾಗಿದೆ, ಹೀಗಿರುವಾಗ ಈ ಬಣವನ್ನು ಬಲಿಷ್ಠವೆನ್ನುವುದೇಕೆ ಎಂದು ಕೇಳಿದ್ದೀರಿ. ಕಾಲ್ರೇಡಿಯಾ ಎಂಬ ಈ ಕಲ್ಪಿತ ಖಂಡದಲ್ಲಿ ನಾನು ಬಹುಪಾಲು ಖುಜೈತರ ಪಕ್ಷದಲ್ಲಿಯೇ ಆಡಿದ್ದೇನೆ, ಅವರ ಬಗ್ಗೆ ನನಗೆ ಅಪಾರವಾದ ಪ್ರೀತಿಯಿದೆ. ಕಾದಾಟ ಯಾವಾಗ, ಎಲ್ಲಿ, ಎಷ್ಟು ಹೊತ್ತು ನಡೆಯಬೇಕೆಂಬುದನ್ನು ತಾವೇ ನಿರ್ಧರಿಸುವ ಸ್ವಾತಂತ್ರ್ಯವೇ ಅವರ ನಿಜವಾದ ಬಲ. ಅದನ್ನು ಎದುರಾಳಿಗೆ ಬಿಟ್ಟುಕೊಟ್ಟರೆ ಅವರು ಬೇರೆಲ್ಲರಂತೆ ಸಾಧಾರಣ ಸೈನಿಕರಾಗಿಬಿಡುತ್ತಾರೆ.

ಮೊದಲು ಬಯಲಿನ ಯುದ್ಧವನ್ನು ನೋಡೋಣ. ಇಡೀ ಪಡೆಗೆ ಒಟ್ಟಾಗಿ ‘ನುಗ್ಗಿ’ ಎಂಬ ಆಜ್ಞೆ ಕೊಡುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಅದೇ ಆಜ್ಞೆಗೆ ಈಟಿ ಸವಾರರು ಶತ್ರುವಿನ ಮೇಲೆ ನೇರವಾಗಿ ಹೋಗಿ ಬೀಳುತ್ತಾರೆ, ಬಿಲ್ಲು ಸವಾರರು ಮಾತ್ರ ಶತ್ರುವಿನ ಸುತ್ತ ಸುತ್ತುತ್ತ ಬಾಣ ಬಿಡುತ್ತಾರೆ. ಆದ್ದರಿಂದ ಇವರಿಬ್ಬರನ್ನು ಬೇರೆ ಬೇರೆ ಗುಂಪುಗಳಲ್ಲಿಟ್ಟು, ಆರಂಭದಲ್ಲಿ ಬಿಲ್ಲು ಸವಾರರಿಗಷ್ಟೇ ಆ ಆಜ್ಞೆಯನ್ನು ಕೊಡಬೇಕು. ಜೊತೆಗೆ, ಖುಜೈತರಲ್ಲಿ ಕಾಲಾಳುಗಳೇ ಬೇಡವೆಂದು ಭಾವಿಸದೆ ದರ್ಖಾನರೆಂಬ ಕಾಲಾಳುಗಳ ಒಂದು ಸಣ್ಣ ತಂಡವನ್ನು ಗುರಾಣಿ ಗೋಡೆ ಕಟ್ಟಿಸಿ ನಡುವೆ ನಿಲ್ಲಿಸಿ. ಶತ್ರುವಿನ ಕಾಲಾಳುಗಳು ಆ ಗೋಡೆಯ ಕಡೆಗೆ ಮುಖಮಾಡಿ ನಡೆಯುವಾಗ ಅವರ ಬೆನ್ನೂ ಗುರಾಣಿಯಿಲ್ಲದ ಬಲಮಗ್ಗುಲೂ ನಿಮ್ಮ ಬಿಲ್ಲುಗಾರರಿಗೆ ತೆರೆದುಕೊಳ್ಳುತ್ತವೆ. ಈಟಿ ಸವಾರರನ್ನು ಎದುರಾಳಿ ಬಣಗಳ ಭಾರಿ ಸವಾರರಿಗಾಗಿ, ಅಂದರೆ ವ್ಲಾಂಡಿಯಾದ ನೈಟ್‌ಗಳಿಗಾಗಿ ಅಥವಾ ಸಾಮ್ರಾಜ್ಯದ ಕವಚಧಾರಿ ಸವಾರರಿಗಾಗಿ ಕಾಯ್ದಿರಿಸಿ, ಏಕೆಂದರೆ ನಿಮ್ಮ ಬಿಲ್ಲು ಸವಾರರನ್ನು ಬೆನ್ನಟ್ಟಿ ಕೊಲ್ಲುವವರು ಅವರೇ. ಬಟಾನಿಯಾ ಎಂಬ ಇನ್ನೊಂದು ಬಣದ ಕಾಡಿನೊಳಗೆ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ಯುದ್ಧವನ್ನೇ ತಪ್ಪಿಸಿ.

ಬಾಣಗಳು ಮುಗಿದ ಕೂಡಲೇ ಬಿಲ್ಲು ಸವಾರರು ಕತ್ತಿ ಹಿರಿದು ಗುಂಪಿನೊಳಗೆ ನುಗ್ಗುತ್ತಾರೆ. ನೀವು ಹೇಳಿದ ಸಾವುಗಳಲ್ಲಿ ಹೆಚ್ಚಿನವು ಆಗುವುದು ಆಗಲೇ ಎಂದು ನನ್ನ ಅನಿಸಿಕೆ. ಕ್ರಿ.ಪೂ. 53ರಲ್ಲಿ ಕರ್ರೆ ಎಂಬಲ್ಲಿ ಪ್ರಾಚೀನ ಇರಾನಿನ ಪಾರ್ಥಿಯನ್ನರ ಬಿಲ್ಲು ಸವಾರರ ನಡುವೆ ಸಿಕ್ಕಿಬಿದ್ದ ರೋಮನ್ ಸೇನಾಪತಿ ಕ್ರಾಸಸ್ ಕೂಡ ಅವರ ಬಾಣಗಳು ಮುಗಿಯುವುದನ್ನೇ ಎದುರು ನೋಡುತ್ತಿದ್ದನು. ಆದರೆ ಪಾರ್ಥಿಯನ್ ಸೇನಾನಿ ಸುರೇನನು ಒಂಟೆಗಳ ಮೇಲೆ ಬಾಣಗಳ ಹೊರೆಯನ್ನೇ ತಂದಿದ್ದನು. ಆಟದಲ್ಲಿ ಒಂಟೆಯ ಕೆಲಸವನ್ನು ‘ಹಿಂದೆ ಸರಿಯಿರಿ’ ಎಂಬ ಆಜ್ಞೆ ಮಾಡುತ್ತದೆ. ದಾಳಿ ಮಾಡಿದವರು ನೀವೇ ಆಗಿದ್ದಲ್ಲಿ, ಬಾಣಗಳು ತೀರುವ ಮೊದಲೇ ಎಲ್ಲರನ್ನೂ ರಣರಂಗದಿಂದ ಹೊರಗೆ ಕರೆತಂದು ಮತ್ತೆ ದಾಳಿಯಿಟ್ಟರೆ ಬತ್ತಳಿಕೆಗಳು ತುಂಬಿರುತ್ತವೆ. ಇದನ್ನು ಮೋಸವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹುಲ್ಲುಗಾವಲಿನ ಸವಾರರು ಕಾದಾಡುತ್ತಿದ್ದ ರೀತಿಗೆ ಆಟದಲ್ಲಿ ಇದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ.

ರಣರಂಗಕ್ಕೆ ಬರುವ ಮೊದಲೇ ನಕ್ಷೆಯ ಮೇಲೆ ಅರ್ಧ ಯುದ್ಧ ತೀರ್ಮಾನವಾಗಿರುತ್ತದೆ. 1223ರಲ್ಲಿ ಜೆಬೆ ಮತ್ತು ಸುಬುತಾಯ್ ಎಂಬ ಮಂಗೋಲ್ ಸೇನಾನಿಗಳು ಇಂದಿನ ರಷ್ಯಾ, ಉಕ್ರೇನ್ ಭಾಗದ ರುಸ್ ದೊರೆಗಳ ದೊಡ್ಡ ಸೈನ್ಯವನ್ನು ಒಂಬತ್ತು ದಿನಗಳ ಕಾಲ ತಮ್ಮ ಹಿಂದೆ ಎಳೆದುಕೊಂಡು ಹೋಗಿ, ಅದು ಚದುರಿ ಉದ್ದವಾದ ಮೇಲೆ ಕಾಲ್ಕಾ ನದಿಯ ಬಳಿ ತಿರುಗಿಬಿದ್ದರು. ಬ್ಯಾನರ್‌ಲಾರ್ಡ್‌ನಲ್ಲಿಯೂ ಹಲವು ಸರದಾರರು ಕೂಡಿದ ಸೈನ್ಯ ನಿಧಾನವಾಗಿ ನಡೆಯುತ್ತದೆ, ಅದರ ಒಗ್ಗಟ್ಟು ದಿನದಿನಕ್ಕೂ ಕುಸಿಯುತ್ತದೆ, ಆಹಾರವೂ ಕರಗುತ್ತದೆ. ಅದರ ಕಣ್ಣಿಗೆ ಬೀಳುತ್ತ ಕೈಗೆ ಸಿಗದಂತೆ ಓಡಾಡಿ, ಅದು ಒಡೆದು ಸರದಾರರು ಒಬ್ಬೊಬ್ಬರಾಗಿ ತಮ್ಮ ಊರುಗಳಿಗೆ ಮರಳುವಾಗ ಹಿಡಿಯಿರಿ. ಇದಕ್ಕೆ ವೇಗ ಬೇಕು. ಕಾಲಾಳುಗಳಿಗೆ ಸಾಕಾಗುವಷ್ಟು ಕುದುರೆಗಳು ಸಾಮಾನಿನಲ್ಲಿದ್ದರೆ ನಡಿಗೆ ಚುರುಕಾಗುತ್ತದೆ, ಅದಕ್ಕಿಂತ ಹೆಚ್ಚಾದರೆ ಮಂದೆ ಕಾಯುವ ಹೊರೆಯೇ ವೇಗವನ್ನು ತಿನ್ನುತ್ತದೆ.

ಖಾನ್ಸ್ ಗಾರ್ಡ್ ಎಂಬ ಅತ್ಯುನ್ನತ ಸವಾರರನ್ನು ಬೆಳೆಸಲು ತಾಳ್ಮೆಯಿಂದಿರಿ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿರುವ ಕೆಶಿಗ್‌ನ ಹೆಸರು ಚೆಂಗೀಸ್ ಖಾನನ ಅಂಗರಕ್ಷಕ ಪಡೆಯದು. 1206ರಲ್ಲಿ ಅವನು ಆ ಪಡೆಯನ್ನು 10,000 ಮಂದಿಗೆ ಹೆಚ್ಚಿಸಿದ್ದನು. ಆಟದಲ್ಲಿ ಈ ಸಾಲಿನ ಕುಲೀನ ಯುವಕರು ಸಿಗುವುದು ಹೆಚ್ಚಾಗಿ ಕೋಟೆಗಳಿಗೆ ಸೇರಿದ ಹಳ್ಳಿಗಳಲ್ಲಿ. ಖಾನ್ಸ್ ಗಾರ್ಡ್ ಸವಾರನ ಬಳಿ ಬಿಲ್ಲಿನ ಜೊತೆಗೆ ಗ್ಲೇವ್ ಎಂಬ ಉದ್ದ ಹಿಡಿಯ ಕತ್ತಿ ಇರುವುದರಿಂದ ಬಾಣ ಮುಗಿದರೂ ಅವನು ಅಸಹಾಯಕನಲ್ಲ.

ಇನ್ನು ಮುತ್ತಿಗೆ. ಗೋಡೆಯ ಮುಂದೆ ಎಲ್ಲರೂ ಕುದುರೆಯಿಂದ ಇಳಿಯಲೇಬೇಕು, ಏಣಿ ಹತ್ತಿಸಿ ಈ ಸವಾರರನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಮಂಗೋಲ್ ದೊರೆ ಕುಬ್ಲಾಯ್ ಖಾನನ ಪಡೆಗಳು ಚೀನಾದ ಶಿಯಾಂಗ್‌ಯಾಂಗ್ ನಗರಕ್ಕೆ ವರ್ಷಗಟ್ಟಲೆ ಮುತ್ತಿಗೆ ಹಾಕಿದರೂ ಅದು ಮಣಿದದ್ದು 1273ರಲ್ಲಿ, ಅದೂ ಪರ್ಷಿಯಾದ ಕಡೆಯಿಂದ ಬಂದ ಇಸ್ಮಾಯಿಲ್ ಮತ್ತು ಅಲಾವುದ್ದೀನ್ ಎಂಬ ತಂತ್ರಜ್ಞರು ಕಟ್ಟಿದ ಭಾರಿ ಕವಣೆ ಯಂತ್ರಗಳ ನಂತರ. ನೀವೂ ಪರರ ಕೈಗಳನ್ನು ಬಳಸಿ. ಸೆರೆಸಿಕ್ಕ ಸೈನಿಕರು ದಿನಗಳೆದಂತೆ ನಿಮ್ಮ ಪಡೆ ಸೇರಲು ಒಪ್ಪುತ್ತಾರೆ, ಆದ್ದರಿಂದ ಭಾರಿ ಕಾಲಾಳುಗಳಾದ ಸಾಮ್ರಾಜ್ಯದ ಲೀಜನರಿಗಳನ್ನೂ ವ್ಲಾಂಡಿಯಾದ ಸಾರ್ಜೆಂಟ್‌ಗಳನ್ನೂ ಮಾರಿಬಿಡದೆ ಇಟ್ಟುಕೊಳ್ಳಿ. ಶಿಬಿರದಲ್ಲಿ ಒಂದೊಂದು ಟ್ರೆಬ್ಯುಶೆ ಕವಣೆ ಯಂತ್ರ ಸಿದ್ಧವಾದಂತೆ ಅದನ್ನು ಮೀಸಲಿಗೆ ಸರಿಸಿಡಿ. ಒಂಟಿಯಾಗಿ ನಿಂತ ಯಂತ್ರವನ್ನು ಕೋಟೆಯವರು ಒಡೆದುಹಾಕುತ್ತಾರೆ, ನಾಲ್ಕನ್ನು ಒಮ್ಮೆಗೇ ಹೂಡಿದರೆ ಮೊದಲು ಅವರ ಯಂತ್ರಗಳು, ಆಮೇಲೆ ಗೋಡೆಗಳು ಉರುಳುತ್ತವೆ. ಗೋಡೆ ಬಿದ್ದ ಜಾಗದಲ್ಲಿ ಲೀಜನರಿಗಳು ಮುಂದೆ ನುಗ್ಗಲಿ, ಖಾನ್ಸ್ ಗಾರ್ಡ್ ಸವಾರರು ಹಿಂದೆ ನಿಂತು ಉಳಿದ ಗೋಡೆಯ ಮೇಲಿನ ಬಿಲ್ಲುಗಾರರನ್ನು ಕೆಡವಲಿ.