‘ಬೈಕಿಂದ ಬಿದ್ದ ಅಂತ ಹೇಳ್ಬಿಡು’

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನೆಲಮಂಗಲದ ಕಡೆ ಒಂದು ಗೋದಾಮಿನಲ್ಲಿ ಸರಕು ಎತ್ತಿ ಇಳಿಸುವ ಗಾಡಿ, ಫೋರ್ಕ್‌ಲಿಫ್ಟ್ ಓಡಿಸುವವರು. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದರು. ಮೂರು ವಾರದ ಹಿಂದೆ ಮೇಲಿನ ರ್‍ಯಾಕ್‌ನಿಂದ ಲೋಡ್ ಇಳಿಸುವಾಗ ಪ್ಯಾಲೆಟ್‌ನ (ಸರಕು ಪೇರಿಸುವ ಮರದ ಅಡಿಪಟ್ಟಿಯ) ಹಲಗೆ ಮುರಿದು ಟೈಲ್ಸ್ ಬಾಕ್ಸ್‌ಗಳು ಜಾರಿದ್ದವು. ಕೆಳಗೆ ಲೇಬಲ್ ನೋಡುತ್ತಿದ್ದ ಹೆಲ್ಪರ್ ಹುಡುಗನ ಪಾದ ಜಜ್ಜಿಹೋಯಿತು.

"ಕುಕ್ಕರ್ ಮುಚ್ಚಳ ಬಿದ್ದರೂ ಎದೆ ಹೊಡ್ಕೊಳ್ಳುತ್ತೆ ಮೇಡಂ. ನನ್ನಿಂದಲೇ ಆ ಹುಡುಗನ ಕಾಲು ಹೋಯ್ತು."

ಆ ದಿನದ್ದನ್ನು ನಿಧಾನವಾಗಿ ಹೇಳಿಸಿದೆ. ಹಲಗೆ ಬಿರುಕು ಬಿಟ್ಟಿದೆ ಅಂತ ಅವರೇ ಹಿಂದಿನ ವಾರ ತಿಳಿಸಿದ್ದರು. "ಮೊದಲು ಲಾರಿ ಹೋಗಲಿ" ಎಂದರಂತೆ ಸೂಪರ್‌ವೈಸರ್. ಬಾಕ್ಸ್‌ಗಳಿಗೆ ಪ್ಲಾಸ್ಟಿಕ್ ಸುತ್ತಿರಲಿಲ್ಲ. ಎತ್ತಿದ ಲೋಡಿನ ಕೆಳಗೆ ಯಾರೂ ನಿಲ್ಲಬಾರದು, ಆದರೆ ಅಲ್ಲಿ ನಡೆಯುವ ದಾರಿಗೆ ಒಂದು ಗೆರೆಯೂ ಇರಲಿಲ್ಲ. ತಪ್ಪಿನಲ್ಲಿ ಇವರ ಪಾಲೂ ಇದೆ. ಹುಡುಗ ಕಂಡರೂ ಹಾರ್ನ್ ಹೊಡೆದು ಇಳಿಸಿದರು, ನಿಲ್ಲಿಸಲಿಲ್ಲ. ಅದನ್ನು ನಾನು ಅಲ್ಲಗಳೆಯಲಿಲ್ಲ. ಸುಮ್ನೆ "ನಿಮ್ಮ ತಪ್ಪಲ್ಲ ಬಿಡಿ" ಅಂದರೆ ಇಂಥವರ ಮನಸ್ಸು ಒಪ್ಪುವುದಿಲ್ಲ. ಆದರೆ ಉಳಿದವರ ಪಾಲನ್ನೂ ಇವರೇ ಹೊರುವುದು ಬೇಡ.

ಆಮೇಲೆ ಇನ್ನೊಂದು ವಿಷಯ ಬಾಯಿಬಿಟ್ಟರು. ಹುಡುಗ ಬೈಕಿಂದ ಬಿದ್ದ ಅಂತ ಹೇಳ್ಬಿಡು ಎಂದು ಕಾಂಟ್ರಾಕ್ಟರ್ ಒತ್ತಾಯ ಮಾಡುತ್ತಿದ್ದರು. ನಿದ್ದೆ ಕೆಡಿಸಿದ್ದು ಇದೇ ಜಾಸ್ತಿ ಅಂತ ನನಗನ್ನಿಸಿತು.

ಇಲ್ಲಿ ಖಡಾಖಂಡಿತವಾಗಿ ಹೇಳಿದೆ. ಹುಡುಗನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದೆ. ಕೆಲಸದಲ್ಲಾದ ಗಾಯ ಎಂದು ದಾಖಲಾದರೆ ವಾಸಿಯಾಗುವ ತನಕ ಸರಾಸರಿ ಕೂಲಿಯ 90% ಸಿಗುತ್ತದೆ. ಶಾಶ್ವತ ಊನ ಉಳಿದರೆ ಮೆಡಿಕಲ್ ಬೋರ್ಡ್ ನೋಡಿ ಎಷ್ಟು ಅಂತ ನಿರ್ಧರಿಸುತ್ತದೆ. ತಪ್ಪು ಯಾರದು ಅಂತ ಅಲ್ಲಿ ಸಾಬೀತು ಮಾಡಬೇಕಿಲ್ಲ. ಕೆಲಸಕ್ಕೆ ಸಂಬಂಧವಿಲ್ಲದ ಬೈಕ್ ಕಥೆ ಹೇಳಿದರೆ ಸಿಕ್ಕರೂ ಬರೀ ಕಾಯಿಲೆ ಭತ್ಯೆ: 70%, ಅದೂ ವರ್ಷಕ್ಕೆ 91 ದಿನ. ಇನ್ನೂ ಊರುಗೋಲಿನಲ್ಲಿ ಓಡಾಡುವ ಹುಡುಗ ಅದರಲ್ಲಿ ಹೇಗೆ ಬದುಕಬೇಕು?

ನೋಡಿದ್ದನ್ನು ನೋಡಿದ ಹಾಗೆ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ ಎಂದೆ. ಅಪಘಾತದ ವರದಿ ಹೋಗಿದೆಯಾ ಅಂತ ಹುಡುಗನ ಮನೆಯವರು ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಲಿ. ಅವನನ್ನು ನೋಡಲು ಹೋಗಿ, ಆದರೆ ಕ್ಷಮಿಸಿದೆ ಅಂತ ಅವನ ಬಾಯಲ್ಲಿ ಹೇಳಿಸಬೇಡಿ. ನಿದ್ದೆಗಾಗಿ ಕುಡಿಯಬೇಡಿ. ತಿಂಗಳು ದಾಟಿದರೂ ಬೆಚ್ಚಿಬೀಳುವುದು ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು. ರಾತ್ರಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೆಲಸ ಹೋದರೆ ಅನ್ನುವ ಭಯ ಅವರಿಗೆ ಇದ್ದೇ ಇತ್ತು. ಆದರೂ ಬರೆದು ಕೊಟ್ಟಿದ್ದಾರೆ. ಸೀಟಿನಲ್ಲಿ ಕೂತರೆ ಕೈ ಇನ್ನೂ ನಡುಗುತ್ತದೆ. ಸದ್ಯಕ್ಕೆ ಬಿಲ್ಲಿಂಗ್ ಕೌಂಟರ್ ಕೆಲಸ ಕೇಳಿ ಪಡೆದಿದ್ದಾರೆ.