ಪ್ಯಾಶನ್ ಹಣ್ಣಿಗೆ ಕಂದು ಗುಳಿ

ಪ್ರಶ್ನೆ: ತಾರಸಿ ಚಪ್ಪರದ ನೇರಳೆ ಪ್ಯಾಶನ್ ಫ್ರೂಟ್ ಬಳ್ಳಿಯಲ್ಲಿ ಮಳೆ ಹಿಡಿದ ಮೇಲೆ ಕಾಯಿಗಳಿಗೆ ಕಂದು ಗುಳಿ ಬಿದ್ದು ಕೊಳೆಯುತ್ತಿವೆ. ಎಲೆಯಲ್ಲೂ ಚುಕ್ಕೆಗಳಿವೆ. ಏನು ಮಾಡಲಿ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಎಲೆ, ಕಾಯಿ ಎರಡರಲ್ಲೂ ಚುಕ್ಕೆ ಇರುವುದರಿಂದ ಇದು ಹೆಚ್ಚಾಗಿ ಆಲ್ಟರ್ನೇರಿಯಾ ಶಿಲೀಂಧ್ರದ ಕಂದು ಚುಕ್ಕೆ ರೋಗ. ಬಳ್ಳಿಯ ಮೇಲೆ ತೇವ ನಿಂತಷ್ಟೂ ಅದಕ್ಕೆ ಹಬ್ಬ. ಹಾಗಾಗಿ ಔಷಧಿಗಿಂತ ಮೊದಲು ಕತ್ತರಿ ಹಿಡಿಯಿರಿ. ನಮ್ಮೂರಿನ ಚಪ್ಪರಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೆರಳಿನ ಆಸೆಗೆ ಬಳ್ಳಿಯನ್ನು ಹಾಸಿಗೆಯಂತೆ ದಟ್ಟವಾಗಲು ಬಿಟ್ಟಿರುತ್ತಾರೆ. ಒಳಗಿನ ಒಣ ಕಡ್ಡಿ, ರೋಗದ ಎಲೆಗಳನ್ನು ತೆಗೆದು ಗಾಳಿ ಆಡಲು ಬಿಡಿ. ಹೂ ಬರುವುದು ಹೊಸ ಚಿಗುರಿನಲ್ಲೇ, ಕತ್ತರಿಸಲು ಹೆದರಬೇಡಿ. ಕೊಳೆತ ಕಾಯಿಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಮನೆಯಿಂದಾಚೆ ಸಾಗಿಸಿ. ನೀರು ಬುಡಕ್ಕೆ ಮಾತ್ರ.

ಆಮೇಲೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ, ಮಳೆ ಬಿಡುವು ಕೊಟ್ಟಾಗ ಎಲೆಯ ಎರಡೂ ಬದಿಗೆ ಸಿಂಪಡಿಸಿ. ನೇರಳೆ ತಳಿಯ ಹೂ ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಸಂಜೆ ಹೊಡೆದರೆ ಜೇನು, ದುಂಬಿಗಳಿಗೆ ತೊಂದರೆಯಿಲ್ಲ. ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಪೊಟ್ಟಣದ ಮೇಲೆ ಓದಿ, ಹಣ್ಣು ತೊಳೆದೇ ತಿನ್ನಿ.

ಎಳೆಗಾಯಿಯ ಮೇಲೆ ಚುಚ್ಚಿದ ಗುರುತಿದ್ದು ಸುತ್ತ ಗಟ್ಟಿ ಗಂಟು ಎದ್ದಿದ್ದರೆ ಅದು ಹಣ್ಣುನೊಣದ ಕೆಲಸ. ತಾಮ್ರ ಅದಕ್ಕೆ ನಾಟದು. ಎಳೆಗಾಯಿಗೇ ತೆಳು ಬಟ್ಟೆಯ ಚೀಲ ಕಟ್ಟಿ. ಇನ್ನು, ಚುಕ್ಕೆಯಿಲ್ಲದೆ ಬರೀ ಸಿಪ್ಪೆ ಸುಕ್ಕಾದ ಹಣ್ಣನ್ನು ದಯವಿಟ್ಟು ಎಸೆಯಬೇಡಿ, ಅದು ಚೆನ್ನಾಗಿ ಮಾಗಿದೆ.